ಅಮೆರಿಕದ ಪ್ರಾದೇಶಿಕ ಅಡುಗೆ ಮತ್ತು ವಲಸಿಗರು

ಅಮೆರಿಕ ಸಂಯುಕ್ತ ಸಂಸ್ಥಾನದ ಊಟವೆಂದರೆ ಹ್ಯಾಂಬರ್ಗರ್, ಪಿಜ್ಜಾ, ಕರಿದ ಕೋಳಿ ಎಂಬ ಕಲ್ಪನೆಯನ್ನು ಲೋಕದ ತುಂಬ ಹರಡಿದ್ದು ಆ ದೇಶದ ಸರಣಿ ಹೋಟೆಲುಗಳು. ದೇಶದೊಳಗೆ ಹೋದರೆ ಮಾತೇ ಬೇರೆ. ಸೌತ್ ಕ್ಯಾರೊಲೈನದ ಕರಾವಳಿಯವರು ಅನ್ನ ಉಣ್ಣುವ ಜನ. ನ್ಯೂ ಮೆಕ್ಸಿಕೊದವರಿಗೆ ಮೆಣಸಿನಕಾಯಿ ಇಲ್ಲದ ಊಟ ಊಟವಲ್ಲ. ಮಿನೆಸೋಟದ ಲೂಥರನ್ ಚರ್ಚುಗಳಲ್ಲಿ ಚಳಿಗಾಲ ಬಂತೆಂದರೆ ಕ್ಷಾರದಲ್ಲಿ ನೆನೆಸಿ ಬೇಯಿಸಿದ ಒಣಮೀನು ಲುಟೆಫಿಸ್ಕ್‌ನ ಸಂತರ್ಪಣೆ ನಡೆಯುತ್ತದೆ.

ಈ ಭೇದಗಳಿಗೆಲ್ಲ ಮಣ್ಣು, ಮಳೆ, ಹವೆಯೇ ಕಾರಣ ಎನ್ನುವುದು ಅರ್ಧ ಸತ್ಯ. ಉಳಿದರ್ಧ ದುಡಿಮೆಯದು ಮತ್ತು ಕಾನೂನಿನದು. ಭತ್ತದ ಗದ್ದೆಗೆ, ತಾಮ್ರದ ಗಣಿಗೆ, ಕಬ್ಬಿನ ತೋಟಕ್ಕೆ, ರೈಲುಹಾದಿಗೆ ಯಾರನ್ನು ತಂದರು, ಯಾರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದಿತ್ತು, ಯಾರಿಗೆ ಬಾಗಿಲು ಮುಚ್ಚಿತ್ತು ಎಂಬುದರ ಮೇಲೆ ಊರೂರಿನ ಊಟ ನಿಂತಿದೆ. ಇನ್ನೊಂದು ವಿಚಿತ್ರವೂ ಎದ್ದು ಕಾಣುತ್ತದೆ. ತಿನಿಸನ್ನು ಕಡಲಾಚೆಯಿಂದ ತಂದವರು ಒಬ್ಬರಾದರೆ, ಅದನ್ನು ಆ ಊರಿನ ತಿನಿಸು ಎನಿಸಿದವರು ಎಷ್ಟೋ ಸಲ ಬೇರೊಬ್ಬರು.

1930ರ ದಶಕದ ಕೊನೆಯಲ್ಲಿ ಸರ್ಕಾರದ ಫೆಡರಲ್ ರೈಟರ್ಸ್ ಪ್ರಾಜೆಕ್ಟ್ ‘ಅಮೆರಿಕ ಈಟ್ಸ್’ ಎಂಬ ಹೆಸರಿನಲ್ಲಿ ದೇಶವನ್ನು ಐದು ವಲಯಗಳಾಗಿ ವಿಂಗಡಿಸಿಕೊಂಡು ಊರೂರಿನ ಊಟೋಪಚಾರದ ವಿವರ ಕಲೆಹಾಕಲು ತೊಡಗಿತು. ಯುದ್ಧ ಬಂದು ಕೆಲಸ ಅರ್ಧಕ್ಕೇ ನಿಂತಿತು. ವಲಯಗಳು ನಕ್ಷೆಯ ಗೆರೆಗಳಿಗೆ ಒಗ್ಗುವುದಿಲ್ಲವಾದರೂ ಹೇಳುವ ಅನುಕೂಲಕ್ಕಾಗಿ ಇಲ್ಲಿಯೂ ಹೆಚ್ಚುಕಡಿಮೆ ಅದೇ ಕ್ರಮವನ್ನು ಅನುಸರಿಸಿದೆ.

ಮೂಲನಿವಾಸಿಗಳ ತಳಹದಿ

ಯುರೋಪಿಯನ್ನರು ಕಾಲಿಡುವ ಎಷ್ಟೋ ಮೊದಲೇ ಈ ಖಂಡದ ಜನ ಮೆಕ್ಕೆಜೋಳ, ಬೀನ್ಸ್, ಸಿಹಿಗುಂಬಳಗಳನ್ನು ಒಂದೇ ಮಣ್ಣುದಿಬ್ಬದಲ್ಲಿ ಬಿತ್ತುತ್ತಿದ್ದರು. ಜೋಳದ ದಂಟಿಗೆ ಬೀನ್ಸ್ ಬಳ್ಳಿ ಹಬ್ಬುತ್ತದೆ, ಕುಂಬಳದ ಅಗಲ ಎಲೆ ನೆಲದ ತೇವ ಕಾಯುತ್ತದೆ. ಈಶಾನ್ಯ ಭಾಗದ ಇರೊಕ್ವಾ ಜನ ಇವನ್ನು ಮೂವರು ಅಕ್ಕತಂಗಿಯರೆಂದು ಕರೆಯುತ್ತಾರೆ. ಒಣ ಜೋಳವನ್ನು ಬೂದಿನೀರಿನಲ್ಲೋ ಸುಣ್ಣದ ನೀರಿನಲ್ಲೋ ಬೇಯಿಸಿ ಸಿಪ್ಪೆ ಕಳಚುವುದು ಮೂಲನಿವಾಸಿಗಳ ವಾಡಿಕೆ. ಹೀಗೆ ಮಾಡಿದಾಗ ಜೋಳದೊಳಗಿನ ನಯಾಸಿನ್ ಜೀವಸತ್ವ ಮೈಗೆ ಹತ್ತುತ್ತದೆ. ವಲಸೆ ಬಂದ ಬಿಳಿಯರು ಜೋಳವನ್ನು ಕಲಿತರು, ಸುಣ್ಣವನ್ನು ಬಿಟ್ಟರು. 20ನೆಯ ಶತಮಾನದ ಆರಂಭದಲ್ಲಿ ದಕ್ಷಿಣದ ಬಡ ಗೇಣಿದಾರರನ್ನೂ ಹತ್ತಿಗಿರಣಿಯ ಕೂಲಿಗಳನ್ನೂ ನಯಾಸಿನ್ ಸಾಲದೆ ಬರುವ ಪೆಲಾಗ್ರ ರೋಗ ಹಿಂಡಿಹಾಕಿತು. ಅದು ಅಂಟುರೋಗವೆಂದೇ ಅನೇಕ ವೈದ್ಯರು ನಂಬಿದ್ದರು. 1914ರಿಂದ ಅದರ ಬೆನ್ನುಹತ್ತಿದ ಸರ್ಕಾರಿ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ರೋಗದ ಮೂಲ ಊಟದ ಕೊರತೆಯೆಂದು ತೋರಿಸಿಕೊಟ್ಟರು.

ಮೂಲನಿವಾಸಿಗಳ ತಿನಿಸೆಂದು ಇಂದು ಜಾತ್ರೆಗಳಲ್ಲಿ ಮಾರುವ ‘ಫ್ರೈ ಬ್ರೆಡ್’ ಅಷ್ಟು ಪುರಾತನವಾದುದಲ್ಲ. 1864ರಲ್ಲಿ ಸೈನ್ಯ ನವಾಹೊ ಜನರನ್ನು ಅವರ ನೆಲದಿಂದ ನೂರಾರು ಮೈಲಿ ನಡೆಸಿಕೊಂಡು ಹೋಗಿ ಬೋಸ್ಕೆ ರೆಡೊಂಡೊದಲ್ಲಿ ಕೂಡಿಹಾಕಿತು. ಅಲ್ಲಿ ಪಡಿಯಾಗಿ ಸಿಕ್ಕಿದ್ದು ಮೈದಾಹಿಟ್ಟು, ಹಂದಿಕೊಬ್ಬು, ಸಕ್ಕರೆಯಂಥ ಸಾಮಾನು. ಹಿಟ್ಟು ಕಲಸಿ ಕೊಬ್ಬಿನಲ್ಲಿ ಕರಿದ ಆ ರೊಟ್ಟಿಯನ್ನು ಕೆಲವರು ಬದುಕುಳಿದ ಗುರುತೆಂದು ಆದರಿಸುತ್ತಾರೆ. ಇನ್ನು ಕೆಲವರಿಗೆ ಅದು ದಬ್ಬಾಳಿಕೆಯ ತುತ್ತು. ಲಕೋಟ ಬುಡಕಟ್ಟಿನ ಬಾಣಸಿಗ ಶಾನ್ ಶೆರ್ಮನ್ 2021ರಲ್ಲಿ ಮಿನಿಯಾಪೊಲಿಸ್‌ನಲ್ಲಿ ತೆರೆದ ಒವಾಮ್ನಿ ಹೋಟೆಲಿನ ಅಡುಗೆಗೆ ಗೋದಿಹಿಟ್ಟು, ಹಾಲು, ಕಬ್ಬಿನ ಸಕ್ಕರೆ, ದನ, ಹಂದಿ, ಕೋಳಿ ಯಾವುದನ್ನೂ ಸೇರಿಸಲಿಲ್ಲ. ಇವೆಲ್ಲ ವಸಾಹತಿನೊಂದಿಗೆ ಬಂದವು. ಕಾಡಕ್ಕಿ, ಕಾಡೆಮ್ಮೆ, ಸಿಹಿನೀರಿನ ಮೀನು, ಮೇಪಲ್ ಪಾಕಗಳಿಂದಲೇ ಮಾಡಿದ ಅಲ್ಲಿನ ಊಟಕ್ಕೆ ಮರುವರ್ಷವೇ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಬಂತು.

ದಕ್ಷಿಣ

ಅಮೆರಿಕದ ಅಡುಗೆಗಳಲ್ಲಿ ಅತ್ಯಂತ ಶ್ರೀಮಂತವಾದುದು ದಕ್ಷಿಣದ ಅಡುಗೆ. ಅದನ್ನು ಕಟ್ಟಿದವರು ವಲಸೆ ಬಂದವರಲ್ಲ, ಸಂಕೋಲೆಯಲ್ಲಿ ಬಂದವರು. ಸೌತ್ ಕ್ಯಾರೊಲೈನ ಮತ್ತು ಜಾರ್ಜಿಯದ ಜೌಗುನೆಲದಲ್ಲಿ 18ನೆಯ ಶತಮಾನದ ಹೊತ್ತಿಗೆ ಭತ್ತ ಹೊನ್ನಿನ ಬೆಳೆಯಾಗಿತ್ತು. ಪಶ್ಚಿಮ ಆಫ್ರಿಕದಲ್ಲಿ ಸೆನೆಗಾಂಬಿಯದಿಂದ ಸಿಯೆರಾ ಲಿಯೋನ್‌ವರೆಗಿನ ಕರಾವಳಿಯವರು ತಲೆಮಾರುಗಳಿಂದ ಭತ್ತ ಬೆಳೆದವರು. ತೋಟದ ಒಡೆಯರು ಅಲ್ಲಿಯ ಗುಲಾಮರಿಗೆ ಹೆಚ್ಚು ಬೆಲೆ ಕೊಡುತ್ತಿದ್ದರು. ಉಬ್ಬರವಿಳಿತದ ನೀರನ್ನು ಒಡ್ಡು ಕಟ್ಟಿ ಗದ್ದೆಗೆ ಹಾಯಿಸುವ ವಿದ್ಯೆ ಎಷ್ಟರಮಟ್ಟಿಗೆ ಆಫ್ರಿಕದ್ದು ಎಂಬುದರ ಬಗ್ಗೆ ಚರಿತ್ರಕಾರರ ವಾದ ಮುಗಿದಿಲ್ಲ. ಆದರೆ ಮರದ ಒರಳು, ಒನಕೆ, ಹುಲ್ಲು ಹೆಣೆದ ಮೊರಗಳು ಎಲ್ಲಿಂದ ಬಂದವು ಎನ್ನುವುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಘಮಘಮಿಸುವ ಸ್ವೀಟ್‌ಗ್ರಾಸ್ ಹುಲ್ಲನ್ನು ಸುರುಳಿ ಸುತ್ತಿ ಹೊಲಿದ ಬುಟ್ಟಿಗಳನ್ನು ಆ ಗುಲಾಮರ ಸಂತತಿಯಾದ ಗಲ್ಲಾ ಗೀಚಿ ಸಮುದಾಯದ ಹೆಂಗಸರು ಚಾರ್ಲ್ಸ್‌ಟನ್ನಿನ ಮಾರುಕಟ್ಟೆಯಲ್ಲಿ ಇಂದಿಗೂ ಹೆಣೆದು ಮಾರುತ್ತಾರೆ. ತೂರಲು ಭತ್ತವಿಲ್ಲದ ಕಾರಣ ಕೊಳ್ಳುವವರು ಪ್ರವಾಸಿಗಳು.

ಬೆಂಡೆ, ಅಲಸಂದೆ, ಎಳ್ಳು, ಕಲ್ಲಂಗಡಿಗಳೂ ಆಫ್ರಿಕದ ದಾರಿಯಲ್ಲೇ ಇಲ್ಲಿಗೆ ಬಂದವು. ಅಲಸಂದೆ, ಅನ್ನ, ತುಸು ಹಂದಿಮಾಂಸ ಸೇರಿಸಿದ ‘ಹಾಪಿನ್ ಜಾನ್’ ಹೊಸ ವರ್ಷದ ಮೊದಲ ದಿನದ ಊಟ. ಅದನ್ನುಂಡರೆ ವರ್ಷವಿಡೀ ಕೈಯಲ್ಲಿ ಕಾಸಾಡುತ್ತದೆಂಬ ನಂಬಿಕೆಯಿದೆ. ಟೊಮೆಟೊ ಹಾಕಿದ ಕೆಂಪನ್ನ ಸೆನೆಗಲ್ ನೈಜೀರಿಯಗಳ ಜೊಲೊಫ್ ಅನ್ನದ ಹತ್ತಿರದ ನೆಂಟ. ದೊಡ್ಡಮನೆಯ ಅಡುಗೆಮನೆಗಳಲ್ಲಿ ದುಡಿದವರೂ ಗುಲಾಮರೇ. ಥಾಮಸ್ ಜೆಫರ್ಸನ್ ಜೊತೆ ಪ್ಯಾರಿಸ್‌ಗೆ ಹೋಗಿ ಫ್ರೆಂಚ್ ಪಾಕಶಾಸ್ತ್ರ ಕಲಿತ ಜೇಮ್ಸ್ ಹೆಮಿಂಗ್ಸ್‌ಗೆ ಬಿಡುಗಡೆ ಸಿಕ್ಕಿದ್ದು 1796ರಲ್ಲಿ, ತನ್ನ ತಮ್ಮನಿಗೆ ಆ ವಿದ್ಯೆಯನ್ನು ಒಪ್ಪಿಸಿಕೊಟ್ಟ ಮೇಲೆ. 1910ರಿಂದ 1970ರ ನಡುವೆ ಸುಮಾರು 60 ಲಕ್ಷ ಕಪ್ಪುಜನ ದಕ್ಷಿಣವನ್ನು ತೊರೆದು ಷಿಕಾಗೊ, ಡೆಟ್ರಾಯಿಟ್, ನ್ಯೂಯಾರ್ಕ್ ಕಡೆಗೆ ಹೋದರು. ಆ ನಗರಗಳಲ್ಲಿ ಇದೇ ಅಡುಗೆ ‘ಸೋಲ್ ಫುಡ್’ ಎನಿಸಿಕೊಂಡಿತು. ದೇಶದೊಳಗಿನ ವಲಸೆಯೂ ವಲಸೆಯೇ ಎನ್ನುವುದನ್ನು ಮರೆತರೆ ಈ ಚರಿತ್ರೆ ಅರ್ಥವಾಗುವುದಿಲ್ಲ.

ಭಾರತದ ನಂಟೂ ಇಲ್ಲಿ ಬೇಗನೆ ಸಿಗುತ್ತದೆ. ಮೇರಿ ರ‍್ಯಾಂಡಾಲ್ಫ್ 1824ರಲ್ಲಿ ಹೊರತಂದ ‘ದಿ ವರ್ಜೀನಿಯ ಹೌಸ್‌ವೈಫ್’ ಪುಸ್ತಕದಲ್ಲಿ ಬೆಂಡೆಯ ಪಾಕವೂ ಇದೆ, ಭಾರತದ ರೀತಿಯ ಕರಿಯ ಪಾಕವೂ ಇದೆ. ಚಾರ್ಲ್ಸ್‌ಟನ್, ಸವಾನ ಬಂದರುಗಳ ಹೆಮ್ಮೆಯ ‘ಕಂಟ್ರಿ ಕ್ಯಾಪ್ಟನ್’ ಕೋಳಿ, ಟೊಮೆಟೊ, ದಪ್ಪಮೆಣಸಿನಕಾಯಿಗಳಿಗೆ ಕರಿಪುಡಿ ಸೇರಿಸಿ, ಒಣದ್ರಾಕ್ಷಿ, ಬಾದಾಮಿ ಉದುರಿಸಿ ಅನ್ನದೊಂದಿಗೆ ಬಡಿಸುವ ಸಾರು. ಅದು ಬ್ರಿಟಿಷ್ ಭಾರತದ ಅಡುಗೆಮನೆಯಿಂದ ಹೊರಟು ಹಡಗುಗಳ ವ್ಯಾಪಾರದೊಂದಿಗೆ ಬಂದದ್ದು. ಎಲೈಜಾ ಲೆಸ್ಲಿ 1857ರ ತಮ್ಮ ಪುಸ್ತಕದಲ್ಲಿ ಅದರ ವಿಧಾನ ಕೊಟ್ಟಿದ್ದಾರೆ.

ಮಿಸಿಸಿಪ್ಪಿ ನದಿಯ ಡೆಲ್ಟಾ ಪ್ರದೇಶದ ಟಮಾಲೆ ಮೇಲೆ ಹೇಳಿದ ಕೈಬದಲಿಗೆ ಒಳ್ಳೆಯ ಉದಾಹರಣೆ. ಜೋಳದ ಹಿಟ್ಟಿನೊಳಗೆ ಮಾಂಸದ ಹೂರಣವಿಟ್ಟು ಜೋಳದ ಸಿಪ್ಪೆಯಲ್ಲಿ ಸುತ್ತಿದ ಈ ಕಡುಬು ಮೆಕ್ಸಿಕೊದ್ದು. ಹತ್ತಿ ಬಿಡಿಸಲು ಬಂದ ಮೆಕ್ಸಿಕನ್ ಕೂಲಿಗಳಿಂದ ಕಪ್ಪುಜನ ಕಲಿತರೆನ್ನುವುದು ರೂಢಿಯ ವಿವರಣೆ. ಹಬೆಯಲ್ಲಿ ಬೇಯಿಸುವ ಬದಲು ಖಾರದ ನೀರಿನಲ್ಲೇ ಕುದಿಸುವುದು ಡೆಲ್ಟಾದ ಪದ್ಧತಿ. 1936ರಲ್ಲಿ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ಅದರ ಮೇಲೊಂದು ಹಾಡನ್ನೇ ಧ್ವನಿಮುದ್ರಿಸಿದರು.

ಲೂಯಿಸಿಯಾನ

ಗಂಬೊ ಎಂಬ ಗಟ್ಟಿ ಸಾರಿನ ಒಂದು ಬಟ್ಟಲಿನಲ್ಲಿ ಮೂರು ಖಂಡಗಳಿವೆ. ಹಿಟ್ಟನ್ನು ಕೊಬ್ಬಿನಲ್ಲಿ ಕಂದು ಬಣ್ಣಕ್ಕೆ ಹುರಿಯುವ ‘ರೂ’ ಫ್ರೆಂಚರದು. ಲೋಳೆ ಕೊಟ್ಟು ಸಾರನ್ನು ಮಂದವಾಗಿಸುವ ಬೆಂಡೆ ಆಫ್ರಿಕದ್ದು. ಬೆಂಡೆಯ ಬದಲು ಕೆಲವರು ಬಳಸುವ ‘ಫಿಲೆ’, ಅಂದರೆ ಸಸಾಫ್ರಾಸ್ ಎಲೆಯ ಪುಡಿ, ಚಾಕ್ಟಾ ಬುಡಕಟ್ಟಿನದು. ಪಾತ್ರೆಯನ್ನು ಒಲೆಯಿಂದ ಇಳಿಸಿದ ಮೇಲೆಯೇ ಅದನ್ನು ಉದುರಿಸಬೇಕು. ಕುದಿಯುವಾಗ ಹಾಕಿದರೆ ಸಾರು ಎಳೆ ಎಳೆಯಾಗಿ ಕೆಡುತ್ತದೆ. 1755ರಲ್ಲಿ ಬ್ರಿಟಿಷರು ನೋವಾ ಸ್ಕೋಷಿಯದಿಂದ ಹೊರಗಟ್ಟಿದ ಅಕೇಡಿಯನ್ನರ ಸಂತತಿಯೇ ಇಲ್ಲಿಯ ಕೇಜನ್ ಜನ. ಈರುಳ್ಳಿ, ಸೆಲರಿ, ದಪ್ಪಮೆಣಸಿನಕಾಯಿ ಮೂರೂ ಕೂಡದೆ ಅವರ ಅಡುಗೆ ಶುರುವಾಗುವುದಿಲ್ಲ.

ನ್ಯೂ ಆರ್ಲಿಯನ್ಸ್‌ಗೆ ಆಮೇಲೆ ಸಿಸಿಲಿಯವರು ಬಂದು ಆಲಿವ್ ಉಪ್ಪಿನಕಾಯಿ ತುಂಬಿದ ಮುಫಲೆಟ್ಟ ಎಂಬ ದುಂಡು ಸ್ಯಾಂಡ್‌ವಿಚ್ ಕೊಟ್ಟರು. 1975ರಲ್ಲಿ ಸೈಗಾನ್ ಬಿದ್ದ ಮೇಲೆ ವಿಯೆಟ್ನಾಮಿನ ನಿರಾಶ್ರಿತರು ಬಂದರು. ಕೆಥೊಲಿಕ್ ಧರ್ಮ, ಮೀನುಗಾರಿಕೆ, ಫ್ರೆಂಚರಿಂದ ಕಲಿತ ಬ್ರೆಡ್ಡು ಮೂರೂ ಅವರಿಗೆ ಇಲ್ಲಿ ಹೊಸದಾಗಿರಲಿಲ್ಲ. ನಗರದ ಪೂರ್ವಭಾಗದಲ್ಲಿ 1982ರಲ್ಲಿ ವಿಯೆಟ್ನಾಮಿ ಕುಟುಂಬವೊಂದು ತೆರೆದ ಡಾಂಗ್ ಫುವಾಂಗ್ ಬೇಕರಿ ಮಾರ್ಡಿ ಗ್ರಾ ಹಬ್ಬದ ‘ಕಿಂಗ್ ಕೇಕ್’ ಮಾಡತೊಡಗಿ, ಊರಿನವರು ಬೆಳಗಿನ ಜಾವದಿಂದ ಸಾಲು ನಿಲ್ಲುವಷ್ಟು ಹೆಸರಾಯಿತು.

ಈಶಾನ್ಯ

ನ್ಯೂ ಇಂಗ್ಲೆಂಡಿನ ಹಳೆಯ ಅಡುಗೆ ಸಪ್ಪೆ, ಆದರೆ ಪುಷ್ಟಿಕರ: ಕಾಕಂಬಿ ಹಾಕಿ ರಾತ್ರಿಯಿಡೀ ಬೇಯಿಸಿದ ಬಾಸ್ಟನ್ ಬೀನ್ಸ್, ಕಾಡ್ ಮೀನು, ಚಿಪ್ಪುಮೀನಿನ ಹಾಲುಸಾರು. ಕಾಕಂಬಿ ಬಂದದ್ದು ಕೆರಿಬಿಯನ್ ದ್ವೀಪಗಳ ಗುಲಾಮರು ದುಡಿದ ಕಬ್ಬಿನ ಗಾಣಗಳಿಂದ. ಫಾಲ್ ರಿವರ್, ನ್ಯೂ ಬೆಡ್‌ಫರ್ಡ್‌ಗಳಲ್ಲಿ ಪೋರ್ಚುಗೀಸ್ ಕುಟುಂಬಗಳು ಬೆಳ್ಳುಳ್ಳಿಯ ಲಿಂಗ್ವೀಸ ಸಾಸೇಜನ್ನು ಸೇರಿಸಿದವು.

1892ರಿಂದ 1954ರವರೆಗೆ ತೆರೆದಿದ್ದ ಎಲ್ಲಿಸ್ ದ್ವೀಪದ ಠಾಣ್ಯದ ಮೂಲಕ ಸುಮಾರು 1 ಕೋಟಿ 20 ಲಕ್ಷ ಜನ ದೇಶದೊಳಕ್ಕೆ ಬಂದರು. ದಕ್ಷಿಣ ಇಟಲಿಯ ರೈತನಿಗೆ ಮಾಂಸ ಹಬ್ಬದ ದಿನದ ಮಾತಾಗಿತ್ತು. ನ್ಯೂಯಾರ್ಕಿನಲ್ಲಿ ಅದು ಕೂಲಿಯವನ ಕೈಗೂ ಎಟುಕಿತು. ಮಾಂಸದ ಉಂಡೆಗಳು ದಪ್ಪಗಾಗಿ ಸ್ಪಗೆಟಿಯ ಮೇಲೆ ಕುಳಿತವು. ಇಟಲಿಯಿಂದ ಬರುವವರು ಈಗಲೂ ಅದನ್ನು ಕಂಡು ಹುಬ್ಬೇರಿಸುತ್ತಾರೆ. ಐರ್ಲೆಂಡಿನವರು ತಮ್ಮೂರಿನ ಹಂದಿಮಾಂಸದ ಜಾಗದಲ್ಲಿ ಯೆಹೂದಿ ಕಟುಕರ ಅಂಗಡಿಯ ಉಪ್ಪು ಹಾಕಿದ ದನದ ಎದೆಮಾಂಸ ಕೊಂಡರು. ಸಂತ ಪ್ಯಾಟ್ರಿಕ್ ದಿನದ ‘ಐರಿಷ್’ ಊಟ ಹುಟ್ಟಿದ್ದು ಹಾಗೆ ಎನ್ನುತ್ತಾರೆ. ನೀರಿನಲ್ಲಿ ಕುದಿಸಿ ಆಮೇಲೆ ಸುಡುವ ಬೇಗಲ್ ಬಹುಕಾಲ ನ್ಯೂಯಾರ್ಕಿನ ಯೆಹೂದಿ ಕೆಲಸಗಾರರ ಒಂದು ಬಿಗಿ ಸಂಘದ ಕೈಯಲ್ಲಿತ್ತು. 1960ರ ದಶಕದಲ್ಲಿ ಉಂಗುರ ಸುತ್ತುವ ಯಂತ್ರ ಬಂತು. ಸಂಘ ಕರಗಿತು, ಬೇಗಲ್ ದೇಶವಿಡೀ ಹಬ್ಬಿತು, ಮೆತ್ತಗೂ ಆಯಿತು.

ಫ್ಲಾರಿಡದ ಟ್ಯಾಂಪ ನಕ್ಷೆಯಲ್ಲಿ ದಕ್ಷಿಣಕ್ಕಿದ್ದರೂ ಹೇಳಬೇಕಾದ ಜಾಗ ಇದೇ, ಏಕೆಂದರೆ ಅದೂ ಕಾರ್ಖಾನೆಯ ಊರು. 1886ರಿಂದ ಅಲ್ಲಿಯ ಈಬೊರ್ ಸಿಟಿಯ ಚುರುಟು ಕಾರ್ಖಾನೆಗಳಲ್ಲಿ ಕ್ಯೂಬ, ಸ್ಪೇನ್, ಸಿಸಿಲಿಯವರು ಒಟ್ಟಿಗೆ ದುಡಿದರು. ಹುಳಿಕಿತ್ತಳೆ ಬೆಳ್ಳುಳ್ಳಿಯಲ್ಲಿ ನೆನೆಸಿ ಸುಟ್ಟ ಕ್ಯೂಬದ ಹಂದಿಮಾಂಸ, ಸ್ಪೇನಿನ ಹ್ಯಾಮ್, ಇಟಲಿಯ ಸಲಾಮಿ, ಚೀಸ್, ಉಪ್ಪಿನ ಸೌತೆ, ಸಾಸಿವೆ ಸೇರಿದ ‘ಕ್ಯೂಬನ್ ಸ್ಯಾಂಡ್‌ವಿಚ್’ ಅವರ ಬುತ್ತಿಯಾಯಿತು. ಅದರ ಬ್ರೆಡ್ಡಿಗೆ ಹಿಟ್ಟನ್ನು ಉದ್ದಕ್ಕೆ ಹೊಸೆದು, ನೆತ್ತಿಯ ಮೇಲೆ ಹಸಿ ಪಾಲ್ಮೆಟ್ಟೊ ಗರಿಯೊಂದನ್ನು ಒತ್ತಿ ಸುಡುತ್ತಾರೆ. ಬೇಯುವಾಗ ಮೇಲ್ಪದರ ಗರಿಯ ಗುಂಟ ನೇರವಾಗಿ ಬಿರಿಯುತ್ತದೆ. ಮಿಯಾಮಿಯ ಕ್ಯೂಬನ್ನರು ಸಲಾಮಿ ಹಾಕುವುದಿಲ್ಲ. ಯಾವುದು ಅಸಲಿ ಎಂಬ ಜಗಳ ಎರಡೂ ಊರುಗಳಿಗೆ ಪ್ರಿಯವಾದುದು.

ಮಧ್ಯಪಶ್ಚಿಮ

ಜರ್ಮನರ ಸಾಸೇಜು ಮತ್ತು ಬಿಯರು, ಹೂರಣ ತುಂಬಿ ಕರಿದ ಪೋಲೆಂಡಿನ ಪೌಂಚ್ಕಿ, ಸ್ವೀಡನ್ ನಾರ್ವೆಗಳ ಮೀನು ಮತ್ತು ಆಲೂಗಡ್ಡೆಯ ರೊಟ್ಟಿ ಲೆಫ್ಸ ಈ ಸೀಮೆಯ ಮುಖ್ಯ ತಿನಿಸುಗಳು. ಮಿಷಿಗನ್ನಿನ ಉತ್ತರ ಪರ್ಯಾಯದ್ವೀಪದ ತಾಮ್ರದ ಗಣಿಗಳಿಗೆ 1840ರ ದಶಕದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನವರು ಬಂದರು. ಮಾಂಸ, ಆಲೂಗಡ್ಡೆ, ಈರುಳ್ಳಿ, ರುಟಬೇಗ ಗಡ್ಡೆ ತುಂಬಿ ಅರ್ಧಚಂದ್ರಾಕಾರದಲ್ಲಿ ಮಡಿಚಿ ಸುಟ್ಟ ಪಾಸ್ಟಿ ಅವರ ಬುತ್ತಿ. ಅವರ ಕೈಕೆಳಗೆ ದುಡಿಯಲು ಆಮೇಲೆ ಬಂದ ಫಿನ್ಲೆಂಡಿನವರು ಮೇಸ್ತ್ರಿಗಳ ಬುತ್ತಿ ನೋಡಿ ತಾವೂ ಮಾಡಿದರು. ಗಣಿ ಮುಚ್ಚಿದವು, ಫಿನ್ನರು ಉಳಿದರು. ಇಂದು ಅಲ್ಲಿ ಪಾಸ್ಟಿಯನ್ನು ಫಿನ್ಲೆಂಡಿನದೆಂದೇ ನಂಬುವವರಿದ್ದಾರೆ.

ಸಿನ್ಸಿನಾಟಿಯ ‘ಚಿಲಿ’ಗೂ ಟೆಕ್ಸಸ್‌ನ ಚಿಲಿಗೂ ಹೆಸರಷ್ಟೇ ಸಾಮ್ಯ. 1922ರಲ್ಲಿ ಮ್ಯಾಸಿಡೋನಿಯದ ಕಿರಾಜೆಫ್ ಸಹೋದರರು ಎಂಪ್ರೆಸ್ ನಾಟಕಶಾಲೆಯ ಮಗ್ಗುಲಲ್ಲಿ ಅಂಗಡಿ ತೆರೆದು ದಾಲ್ಚಿನ್ನಿ, ಲವಂಗ ಹಾಕಿದ ತೆಳ್ಳನೆಯ ಕೈಮಾ ಸಾರನ್ನು ಸ್ಪಗೆಟಿಯ ಮೇಲೆ ಸುರಿದು ಕೊಟ್ಟರು. ಮೇಲೆ ಚೀಸಿನ ತುರಿ ರಾಶಿ ಹಾಕಿದರೆ ‘ಥ್ರೀ ವೇ’, ಈರುಳ್ಳಿಯೂ ಬೀನ್ಸೂ ಸೇರಿದರೆ ‘ಫೈವ್ ವೇ’. ಬಾಲ್ಕನ್ ಮಸಾಲೆ, ಇಟಲಿಯ ಶಾವಿಗೆ, ಮೆಕ್ಸಿಕೊದ ಹೆಸರು, ಜರ್ಮನರು ತುಂಬಿದ ನಗರ. ಇದಕ್ಕಿಂತ ಅಮೆರಿಕನ್ನಾದ ತಟ್ಟೆಯನ್ನು ಈ ಲೇಖಕ ಬೇರೆ ಅರಿಯ.

ಟೆಕ್ಸಸ್ ಮತ್ತು ನೈಋತ್ಯ

ಟೆಕ್ಸ್-ಮೆಕ್ಸ್ ಅಡುಗೆಯನ್ನು ವಲಸೆಯ ಅಡುಗೆ ಎನ್ನುವುದು ತಪ್ಪು. 1848ರಲ್ಲಿ ಮೆಕ್ಸಿಕೊ ಸೋತು ಗಡಿಯೇ ದಕ್ಷಿಣಕ್ಕೆ ಸರಿಯಿತು. ಜನ ಇದ್ದಲ್ಲೇ ಇದ್ದರು. ಸ್ಯಾನ್ ಆಂಟೋನಿಯೊದ ಚೌಕಗಳಲ್ಲಿ ಸಂಜೆ ದೀಪ ಹಚ್ಚಿ ಚಿಲಿ ಕಾನ್ ಕಾರ್ನೆ ಎಂಬ ಖಾರದ ಮಾಂಸದ ಸಾರು ಮಾರುತ್ತಿದ್ದ ಹೆಂಗಸರಿಗೆ ‘ಚಿಲಿ ರಾಣಿಯರು’ ಎಂಬ ಹೆಸರಿತ್ತು. 1930ರ ದಶಕದಲ್ಲಿ ನಗರಾಡಳಿತ ಆರೋಗ್ಯದ ನೆಪವೊಡ್ಡಿ ಅವರನ್ನು ಎಬ್ಬಿಸಿತು. ಅಷ್ಟರಲ್ಲಿ ವಿಲಿಯಂ ಗೆಬ್‌ಹಾರ್ಟ್ ಎಂಬ ಜರ್ಮನ್ ವಲಸಿಗ ಆ ಖಾರವನ್ನು ಪುಡಿ ಮಾಡಿ ಶೀಶೆಗೆ ತುಂಬಿ ದೇಶಕ್ಕೆಲ್ಲ ಮಾರುತ್ತಿದ್ದ.

ನಡು ಟೆಕ್ಸಸ್‌ನ ಬಾರ್ಬೆಕ್ಯೂ ಕೂಡ ಜರ್ಮನ್ ಮತ್ತು ಚೆಕ್ ಕಟುಕರ ಅಂಗಡಿಗಳಿಂದ ಎದ್ದದ್ದು. ಮಾರಾಟವಾಗದೆ ಉಳಿದ ಮಾಂಸಕ್ಕೆ ಹೊಗೆ ಹಾಕಿ ಇಡುತ್ತಿದ್ದರು. ಹತ್ತಿ ಬಿಡಿಸುವ ಕಪ್ಪು ಹಾಗೂ ಮೆಕ್ಸಿಕನ್ ಕೂಲಿಗಳು ಕಾಗದದ ಮೇಲೇ ತಿಂದು ಮುಗಿಸುತ್ತಿದ್ದರು. ಲಾಕ್‌ಹಾರ್ಟ್ ಊರಿನಲ್ಲಿ ಇಂದಿಗೂ ತಟ್ಟೆಯ ಬದಲು ಕಾಗದ. ಚೆಕ್ ಜನರ ಹಣ್ಣು ತುಂಬಿದ ಕೊಲಾಚೆ ಬನ್ನಿನೊಳಗೆ ಸಾಸೇಜು ಸೇರಿದ್ದು ಟೆಕ್ಸಸ್‌ನಲ್ಲಿ. ಈಗ ಅದನ್ನು ದಿನಬೆಳಗಾದರೆ ಸುಟ್ಟು ಮಾರುವ ಅಂಗಡಿಗಳಲ್ಲಿ ಕಾಂಬೋಡಿಯದ ಕುಟುಂಬಗಳವು ಬಹಳ.

ನ್ಯೂ ಮೆಕ್ಸಿಕೊದಲ್ಲಿ ಆಗಸ್ಟ್ ಕೊನೆಯಿಂದ ಅಂಗಡಿಗಳ ಮುಂದೆ ತಂತಿಬಲೆಯ ಪೀಪಾಯಿಗಳು ಗ್ಯಾಸಿನ ಉರಿಯ ಮೇಲೆ ಗಿರಗಿರ ತಿರುಗುತ್ತವೆ. ಹ್ಯಾಚ್ ಕಣಿವೆಯ ಹಸಿ ಮೆಣಸಿನಕಾಯಿ ಅದರೊಳಗೆ ಸಿಡಿಯುತ್ತ ಕಪ್ಪಾಗುತ್ತದೆ. ಮನೆಗೆ ಮೂಟೆ ಒಯ್ದು ಸಿಪ್ಪೆ ಸುಲಿದು ವರ್ಷಕ್ಕಾಗುವಷ್ಟನ್ನು ಫ್ರೀಜರಿಗೆ ತುಂಬುತ್ತಾರೆ. ‘ಕೆಂಪೋ ಹಸಿರೋ’ ಎಂಬುದು ಆ ರಾಜ್ಯದ ಅಧಿಕೃತ ಪ್ರಶ್ನೆ. ಎರಡೂ ಬೇಕಾದವರು ‘ಕ್ರಿಸ್‌ಮಸ್’ ಎಂದರೆ ಸಾಕು. ಆ ತಳಿಗಳ ಹಿಂದಿನ ವಿಜ್ಞಾನಿ ಫೇಬಿಯನ್ ಗಾರ್ಸಿಯ, ಮೆಕ್ಸಿಕೊದ ಚಿಹುವಾಹುವಾದಲ್ಲಿ ಹುಟ್ಟಿದವರು.

ಕ್ಯಾಲಿಫೋರ್ನಿಯ

1849ರ ಚಿನ್ನದ ಭರಾಟೆಯಲ್ಲಿ ಬಂದ ಚೀನೀಯರು ಊಟದ ಮನೆ, ಅಗಸರ ಅಂಗಡಿ ನಡೆಸಿದರು, ರೈಲುಹಾದಿ ಹಾಸಿದರು. 1882ರ ಕಾನೂನು ಚೀನೀ ಕೂಲಿಗಳಿಗೆ ಬಾಗಿಲು ಮುಚ್ಚಿತು, ವ್ಯಾಪಾರಿಗಳಿಗೆ ಬಿಟ್ಟಿತು. 1915ರ ನ್ಯಾಯಾಲಯದ ತೀರ್ಪಿನಿಂದ ಹೋಟೆಲಿನವರೂ ವ್ಯಾಪಾರಿಗಳ ಸಾಲಿಗೆ ಸೇರಿದರು. ಚಾಪ್ ಸೂಯಿ ಹೋಟೆಲುಗಳು ಊರೂರಿಗೆ ಹರಡಿದ್ದಕ್ಕೆ ರುಚಿಯಷ್ಟೇ ಈ ಒಳದಾರಿಯೂ ಕಾರಣ. ಊಟದ ಕೊನೆಗೆ ಅಲ್ಲಿ ಕೊಡುವ ಭವಿಷ್ಯದ ಚೀಟಿಯ ಬಿಸ್ಕತ್ತು ಮಾತ್ರ ಜಪಾನಿನದು. ಎರಡನೆಯ ಮಹಾಯುದ್ಧದಲ್ಲಿ ಜಪಾನೀ ಮೂಲದವರನ್ನು ಶಿಬಿರಗಳಿಗೆ ಅಟ್ಟಿ ಅವರ ಬೇಕರಿಗಳಿಗೆ ಬೀಗ ಬಿದ್ದಾಗ ಆ ಕಸುಬು ಚೀನೀಯರ ಕೈಗೆ ಹೋಯಿತು.

ಪಂಜಾಬಿನ ರೈತರು 20ನೆಯ ಶತಮಾನದ ಆರಂಭದಲ್ಲಿ ಇಂಪೀರಿಯಲ್ ಕಣಿವೆಗೂ ಯೂಬ ಸಿಟಿಗೂ ಬಂದರು. 1913ರ ರಾಜ್ಯ ಕಾನೂನು ಅವರಿಗೆ ಜಮೀನಿನ ಹಕ್ಕು ನಿರಾಕರಿಸಿತು, 1917ರ ಕಾನೂನಿನಿಂದಾಗಿ ಊರಿನಿಂದ ಹೆಂಡತಿಯನ್ನು ಕರೆಸುವ ದಾರಿಯೂ ಮುಚ್ಚಿತು. ಬಿಳಿಯರನ್ನು ಮದುವೆಯಾಗುವಂತಿರಲಿಲ್ಲ. ಹೊಲಗಳಲ್ಲಿ ಜೊತೆಗೆ ದುಡಿಯುತ್ತಿದ್ದ ಮೆಕ್ಸಿಕನ್ ಹೆಂಗಸರನ್ನು ಅವರು ಮದುವೆಯಾದರು. ಹೀಗೆ ಹುಟ್ಟಿದ ಮನೆಗಳಲ್ಲಿ ರೊಟ್ಟಿ ಮತ್ತು ಟೊರ್ಟಿಯ ಒಂದೇ ಕಾವಲಿಯಲ್ಲಿ ಬೆಂದವು. ಯೂಬ ಸಿಟಿಯಲ್ಲಿ ಇಂಥ ಒಂದು ಕುಟುಂಬ ದಶಕಗಳ ಕಾಲ ನಡೆಸಿದ ಹೋಟೆಲಿನಲ್ಲಿ ಚೀಸ್, ಈರುಳ್ಳಿ, ಮಾಂಸ ತುಂಬಿ ಮಡಿಚಿದ ‘ರೊಟ್ಟಿ ಕೆಸಡಿಯ’ ಸಿಗುತ್ತಿತ್ತು. 1965ರಲ್ಲಿ ವಲಸೆ ಕಾನೂನು ಬದಲಾಗಿ ಪಂಜಾಬಿನಿಂದ ಹೊಸಬರು ಸಂಸಾರ ಸಮೇತ ಬರತೊಡಗಿದ ಮೇಲೆ ಈ ಮಿಶ್ರ ಸಮುದಾಯ ತೆಳುವಾಯಿತು.

ಹವಾಯಿ

ಅತ್ಯಂತ ಸ್ಪಷ್ಟವಾಗಿ ತೋಟದ ಕೂಲಿಯೇ ಕಟ್ಟಿದ ಅಡುಗೆ ಹವಾಯಿಯದು. ಕಬ್ಬಿನ ತೋಟಗಳಿಗೆ 1852ರಲ್ಲಿ ಚೀನೀಯರನ್ನು, 1878ರಲ್ಲಿ ಮಡೀರ ಮತ್ತು ಅಜೋರ್ಸ್ ದ್ವೀಪಗಳ ಪೋರ್ಚುಗೀಸರನ್ನು, 1885ರಿಂದ ಜಪಾನೀಯರನ್ನು ದೊಡ್ಡ ಪ್ರಮಾಣದಲ್ಲಿ, 1900ರಲ್ಲಿ ಪೋರ್ಟೊರಿಕೊದವರನ್ನು, 1903ರಲ್ಲಿ ಕೊರಿಯದವರನ್ನು, 1906ರಲ್ಲಿ ಫಿಲಿಪೀನ್ಸ್‌ನವರನ್ನು ತಂದರು. ಒಂದು ದೇಶದವರು ಮುಷ್ಕರ ಹೂಡಿದರೆ ಇನ್ನೊಂದು ದೇಶದವರನ್ನು ಎದುರು ನಿಲ್ಲಿಸುವುದು ಮಾಲೀಕರ ಲೆಕ್ಕಾಚಾರ. ಕೂಲಿಗಳು ಒಯ್ಯುತ್ತಿದ್ದುದು ‘ಕೌಕೌ ಟಿನ್’ ಎಂಬ ಎರಡಂತಸ್ತಿನ ಡಬ್ಬಿ. ಕೆಳಗೆ ಅನ್ನ, ಮೇಲೆ ನೆಂಚಿಕೊಳ್ಳಲು ಅವರವರ ಊರಿನದು. ಮಧ್ಯಾಹ್ನ ಗದ್ದೆಯಂಚಿನಲ್ಲಿ ಡಬ್ಬಿಗಳು ತೆರೆದುಕೊಂಡು ಉಪ್ಪುಮೀನು, ಕಿಮ್ಚಿ, ಅಡೋಬೊ ಕೈಯಿಂದ ಕೈಗೆ ಹೋಗುತ್ತಿದ್ದವು. ಇಂದಿನ ‘ಪ್ಲೇಟ್ ಲಂಚ್’, ಎರಡು ಉಂಡೆ ಅನ್ನ, ಮ್ಯಾಕರೋನಿ ಸಲಾಡ್, ಜೊತೆಗೊಂದು ಮಾಂಸ, ಆ ಡಬ್ಬಿಯ ಮುಂದುವರಿಕೆ. ಮಿನೆಸೋಟದ ಆಸ್ಟಿನ್ ಊರಿನಲ್ಲಿ 1937ರಲ್ಲಿ ಹುಟ್ಟಿದ ಸ್ಪ್ಯಾಮ್ ಡಬ್ಬಿಮಾಂಸ ಯುದ್ಧಕಾಲದಲ್ಲಿ ಇಲ್ಲಿ ಬೇರೂರಿತು. ಅದರ ಹುರಿದ ಬಿಲ್ಲೆಯನ್ನು ಅನ್ನದ ಇಟ್ಟಿಗೆಯ ಮೇಲಿಟ್ಟು ಕಡಲಪಾಚಿಯ ಹಾಳೆ ಸುತ್ತಿದ ‘ಸ್ಪ್ಯಾಮ್ ಮುಸುಬಿ’ ಈಗ ಪೆಟ್ರೋಲ್ ಬಂಕುಗಳಲ್ಲೂ ಸಿಗುತ್ತದೆ.

1965ರ ಬಳಿಕ

1924ರ ಕಾನೂನು ದೇಶವಾರು ಕೋಟಾ ವಿಧಿಸಿ ದಕ್ಷಿಣ ಮತ್ತು ಪೂರ್ವ ಯುರೋಪಿನವರನ್ನು ತಡೆದಿತ್ತು, ಏಷ್ಯದವರನ್ನು ಹೆಚ್ಚುಕಡಿಮೆ ಹೊರಗಿಟ್ಟಿತ್ತು. 1965ರ ವಲಸೆ ಕಾನೂನು ಅದನ್ನು ತೆಗೆದುಹಾಕಿತು. ಇಥಿಯೋಪಿಯದ ಇಂಜೆರ ರೊಟ್ಟಿ ವಾಷಿಂಗ್ಟನ್ನಿಗೆ, ಆಗ್ನೇಯ ಏಷ್ಯದ ಮಾಂಗ್ ರೈತರ ಸೊಪ್ಪು ಸಂತೆ ಸೇಂಟ್ ಪಾಲ್‌ಗೆ, ಸೊಮಾಲಿಯದ ಸಂಬೂಸ ಮಿನಿಯಾಪ‍ೊಲಿಸ್‌ಗೆ ಬಂದದ್ದು ಈ ಕಾನೂನು ಮತ್ತು ಆಮೇಲಿನ ನಿರಾಶ್ರಿತರ ಕಾನೂನುಗಳಿಂದ. 2008ರಲ್ಲಿ ಲಾಸ್ ಏಂಜಲೀಸ್‌ನ ರಾಯ್ ಚಾಯ್ ಟ್ರಕ್ಕಿನಲ್ಲಿ ಕೊರಿಯನ್ ಮಾಂಸದ ಟಾಕೊ ಮಾರತೊಡಗಿ ಹೊಸದೊಂದು ಊರತಿನಿಸನ್ನೇ ಹುಟ್ಟುಹಾಕಿದರು.

ಕನ್ನಡಿಗರೂ ಸೇರಿದಂತೆ 1965ರ ಕಾನೂನಿನ ಬಳಿಕ ಬಂದ ಭಾರತೀಯ ಎಂಜಿನಿಯರು, ವೈದ್ಯರ ಮನೆಗಳಿಗೆ ಬೇಕಾದ ದಿನಸಿ ಎಲ್ಲ ಊರಲ್ಲೂ ಸಿಗುತ್ತಿರಲಿಲ್ಲ. ಉಪ್ಪಿಟ್ಟಿಗೆ ರವೆಯ ಬದಲು ಒದಗಿದ್ದು ‘ಕ್ರೀಮ್ ಆಫ್ ವೀಟ್’. 1893ರಲ್ಲಿ ನಾರ್ತ್ ಡಕೋಟದ ಗ್ರ್ಯಾಂಡ್ ಫೋರ್ಕ್ಸ್‌ನ ಹಿಟ್ಟಿನ ಗಿರಣಿಯವರು ಬೆಳಗಿನ ಗಂಜಿಗೆಂದು ಮಾರುಕಟ್ಟೆಗೆ ತಂದ ಗೋದಿತರಿ ಅದು. ಜಾಮೂನಿಗೆ ಬಿಸ್ಕ್ವಿಕ್ ಹಿಟ್ಟು, ಮಂಡಕ್ಕಿಗೆ ರೈಸ್ ಕ್ರಿಸ್ಪೀಸ್, ಚಪಾತಿಗೆ ಟೊರ್ಟಿಯ. ನ್ಯೂಯಾರ್ಕಿನ ಫ್ಲಷಿಂಗ್‌ನಲ್ಲಿ 1977ರಲ್ಲಿ ಪ್ರತಿಷ್ಠೆಯಾದ ಗಣಪತಿ ದೇವಸ್ಥಾನದ ನೆಲಮಾಳಿಗೆಯ ಕ್ಯಾಂಟೀನಿಗೆ ಇಂದು ಭಕ್ತರಲ್ಲದವರೂ ದೋಸೆಗಾಗಿ ಬರುತ್ತಾರೆ.

ಷಿಕಾಗೊದ ಡಿವಾನ್ ಅವೆನ್ಯೂ, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಗಳಲ್ಲಿ ‘ಉಡುಪಿ’ ಎಂಬ ಹಲಗೆ ಹೊತ್ತ ಹೋಟೆಲುಗಳಿವೆ. ಅಲ್ಲಿ ಆ ಹೆಸರಿಗೆ ದಕ್ಷಿಣ ಭಾರತದ ಸಸ್ಯಾಹಾರ ಎಂಬಷ್ಟೇ ಅರ್ಥ. ಮಾಲೀಕರು ಉಡುಪಿಯವರೇ ಆಗಿರಬೇಕೆಂದಿಲ್ಲ, ಪಟ್ಟಿಯಲ್ಲಿ ಮಸಾಲೆದೋಸೆಯ ಕೆಳಗೆ ಛೋಲೆ ಭಟೂರೆಯೂ ಇರುತ್ತದೆ. ಅಮೆರಿಕದ ಬೇರೆಲ್ಲ ಹೋಟೆಲುಗಳಂತೆ ಭಾರತೀಯ ಹೋಟೆಲುಗಳ ಅಡುಗೆಮನೆಗಳಲ್ಲೂ ಮೆಕ್ಸಿಕೊ, ಮಧ್ಯ ಅಮೆರಿಕದಿಂದ ಬಂದ ಕೆಲಸಗಾರರು ದುಡಿಯುತ್ತಾರೆ. ಹಿಟ್ಟು ಹದ ಮಾಡುವುದನ್ನೂ ದೋಸೆ ಹುಯ್ಯುವುದನ್ನೂ ಕಲಿತವರು ಅವರಲ್ಲಿದ್ದಾರೆ.